ವಟ್ವಾದ ಬಣ್ಣವೂ ಕ್ಷಯದ ಪರೀಕ್ಷೆಯೂ

ವಟ್ವಾದಲ್ಲಿ ಬಣ್ಣದ ಕಾರಖಾನೆಗಳಿರುವುದು ವಾಚಕರಿಗೆ ವಿದಿತವೇ ಇದೆ. ಬಟ್ಟೆಗೆ ಹಾಕುವ ಬಣ್ಣಗಳ ಕುಲಕ್ಕೇ ಸೇರಿದ ಕೆಲವು, ಸಣ್ಣ ಸೀಸೆಗಳಲ್ಲಿ ಪ್ರಯೋಗಶಾಲೆಯನ್ನು ಸೇರಿ ರೋಗಾಣುಗಳನ್ನು ಕಣ್ಣಿಗೆ ಕಾಣಿಸುತ್ತವೆಂಬುದನ್ನು ಬಲ್ಲವರು ವಿರಳ.

ರೋಗಾಣುವಿಗೆ ಸ್ವಂತ ಬಣ್ಣವಿಲ್ಲ. ನೀರಿನಲ್ಲಿ ಬಿದ್ದ ಗಾಜಿನ ಚೂರಿನಂತೆ ಅದು ಸೂಕ್ಷ್ಮದರ್ಶಕದ ಕೆಳಗೂ ಅಡಗಿರುತ್ತದೆ. ಮೆಥಿಲೀನ್ ನೀಲಿಯನ್ನು 1876ರಲ್ಲಿ ಜರ್ಮನಿಯ ಹೈನ್ರಿಕ್ ಕಾರೋ ಎಂಬವರು ತಯಾರಿಸಿದ್ದು ಹತ್ತಿಬಟ್ಟೆಗಾಗಿ. 1882ರಲ್ಲಿ ರಾಬರ್ಟ್ ಕಾಕ್ ಮಹಾಶಯರು ಕ್ಷಯದ ರೋಗಾಣುವನ್ನು ಲೋಕಕ್ಕೆ ತೋರಿಸಿದ್ದು ಅದೇ ನೀಲಿಯ ಸಹಾಯದಿಂದ. ಅನಂತರ ಝೀಲ್ ಮತ್ತು ನೀಲ್ಸನ್ ಎಂಬಿಬ್ಬರು ಸುಧಾರಿಸಿದ ಕ್ರಮವು ಹೀಗಿದೆ. ಕಫವನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಫುಕ್ಸಿನ್ ಎಂಬ ಕೆಂಪನ್ನು ಹೊಯ್ದು, ಆವಿ ಏಳುವವರೆಗೆ ಕಾಯಿಸುತ್ತಾರೆ, ಕುದಿಯಕೂಡದು. ಬಳಿಕ ಆಮ್ಲದಿಂದ ತೊಳೆದರೆ ಉಳಿದೆಲ್ಲದರ ಕೆಂಪು ಬಿಟ್ಟುಹೋಗುವುದು. ಮೇಣದಂತಹ ಹೊದಿಕೆಯುಳ್ಳ ಕ್ಷಯಾಣು ಮಾತ್ರ ಬಿಡದು. ಕೊನೆಯಲ್ಲಿ ಮೆಥಿಲೀನ್ ನೀಲಿ. ನೀಲಿಯ ನಡುವೆ ಕೆಂಪು ಕಡ್ಡಿಗಳು ಕಂಡರೆ ರೋಗವಿದೆಯೆಂದರ್ಥ. ಹೆಚ್ಚು ಸೂಕ್ಷ್ಮವಾದ ಯಂತ್ರಪರೀಕ್ಷೆಗಳು ಈಗ ಬಂದಿದ್ದರೂ ಈ ಕ್ರಮ ಕೈಬಿಟ್ಟುಹೋಗಿಲ್ಲ.

ಹಾಗಾದರೆ ಬಟ್ಟೆಬಣ್ಣದ ಪೀಪಾಯಿಯಿಂದಲೇ ಒಂದು ಚಮಚ ತೆಗೆದುಕೊಂಡರಾಗದೇ? ಆಗದು. ಪ್ರತಿ ಸಲವೂ ಒಂದೇ ಛಾಯೆ ಬರಲೆಂದು ಬಟ್ಟೆಬಣ್ಣಕ್ಕೆ ಉಪ್ಪು ಮೊದಲಾದವುಗಳನ್ನು ಬೆರೆಸುವುದುಂಟು. ಇದು ಮೋಸವಲ್ಲ, ವ್ಯಾಪಾರದ ಪದ್ಧತಿ. ಪ್ರಯೋಗಶಾಲೆಗಾದರೋ ನೂರು ಭಾಗದಲ್ಲಿ ನಿಜವಾದ ಬಣ್ಣವೆಷ್ಟೆಂಬ ಲೆಕ್ಕ ಬೇಕು. ಚಿಕೋರಿ ಬೆರೆತ ಕಾಫಿಯನ್ನು ಗಿರಾಕಿಯು ಸಂತೋಷದಿಂದಲೇ ಕುಡಿಯುತ್ತಾನೆ, ಇದು ನನ್ನ ಹೋಟೆಲಿನ ಅನುಭವ; ರೋಗಾಣು ಅಂತಹ ಔದಾರ್ಯವನ್ನು ತೋರದು. ಫುಕ್ಸಿನ್ ದುರ್ಬಲವಾಗಿದ್ದರೆ ರೋಗಿಯ ಪಟ್ಟಿಯೂ ನಿರ್ಮಲವಾಗಿ ಕಾಣಬಹುದು. "ದೋಷವಿಲ್ಲ" ಎಂಬ ಚೀಟಿ ಹಿಡಿದು ಆತನು ಮನೆಗೆ ಮರಳುವನು. ಒಂದೇ ಕೋಣೆಯಲ್ಲಿ ಹೆಂಡತಿ ಮಕ್ಕಳು ಮಲಗುವ ಮನೆಗೆ.

1914ರಲ್ಲಿ ಆರಂಭವಾದ ಮಹಾಯುದ್ಧದಿಂದ ಜರ್ಮನಿಯ ಸೀಸೆಗಳು ಅಮೆರಿಕೆಗೆ ಬರುವುದು ನಿಂತಾಗ ಈ ತೊಡಕು ಎದ್ದು ಕಂಡಿತು. ಒಬ್ಬ ತಯಾರಕನ ನೀಲಿ ಇನ್ನೊಬ್ಬನ ನೀಲಿಯಂತಿರಲಿಲ್ಲ. ತಯಾರಾದ ಒಂದೊಂದು ಗಡಣವನ್ನೂ ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಮಂಡಲಿಯನ್ನು ಅಲ್ಲಿಯ ವಿಜ್ಞಾನಿಗಳು 1920ರ ದಶಕದಲ್ಲಿ ಕಟ್ಟಿಕೊಂಡರು. ಬಣ್ಣದ ಕಾರಖಾನೆಗಳ ಪರೀಕ್ಷಾಕೋಣೆಗಳಲ್ಲಿ ದುಡಿಯುವ ನಮ್ಮ ತರುಣರು ಈ ಸಣ್ಣ ಸೀಸೆಯ ವಿದ್ಯೆಯನ್ನೂ ಕಲಿಯಬೇಕೆಂದು ನನ್ನ ಅಭಿಪ್ರಾಯ. ಪೀಪಾಯಿಯ ವ್ಯಾಪಾರದಷ್ಟು ದೊಡ್ಡದಲ್ಲ, ನಿಜ. ಆದರೆ ಇಲ್ಲಿ ಬೆಲೆಯು ತೂಕಕ್ಕಲ್ಲ, ಶುದ್ಧಿಗೆ.

ಒಳ್ಳೆಯ ಪ್ರಯೋಗಶಾಲೆಯಲ್ಲಿ ಹೊಸದಾಗಿ ಬಣ್ಣ ಕಲಸಿದಾಗ ರೋಗವಿದೆಯೆಂದು ಖಚಿತವಾದ ಒಂದು ಪಟ್ಟಿಗೂ, ಇಲ್ಲವೆಂದು ಖಚಿತವಾದ ಇನ್ನೊಂದಕ್ಕೂ ಮೊದಲು ಹಾಕಿ ನೋಡುತ್ತಾರೆ. ಎರಡೂ ಸರಿಬಂದ ಮೇಲೆಯೇ ರೋಗಿಯ ಸರದಿ.