ನಾಯಿಯ ನಡತೆ

ನಾಯಿಯ ಶೌರ್ಯವನ್ನು ಕಲ್ಲಿನಲ್ಲಿ ಕೆತ್ತಿಸಿದ ನಾಡು ನಮ್ಮದು. ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೆಯ ಶತಮಾನದ ಶಾಸನವನ್ನು ಬಲ್ಲವರಿಗೆ ಇದು ಹೊಸ ಮಾತಲ್ಲ. ರಣದಲ್ಲಿ ಮೆರೆದ ಪರಾಕ್ರಮಕ್ಕೆ ಮೆಚ್ಚುಗೆಯಾಗಿ ಮಣಲೇರನೆಂಬ ವೀರನು ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ಕಾಳಿ ಕಾಡುಹಂದಿಯೊಡನೆ ಹೋರಾಡಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಅದರ ನೆನಪಿಗೆ ನಿಂತ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಇದು ಶೌರ್ಯದ ಮಾತಾಯಿತು. ನಾಯಿಯ ಸಭ್ಯತೆಯನ್ನು ಅಳೆಯುವುದು ಹೇಗೆ ಎಂಬುದು ಇಂದು ನಾನು ವಿಚಾರಮಾಡಬಯಸುವ ವಿಷಯ.

ಈ ಪ್ರಶ್ನೆ ನನ್ನ ಪಾಲಿಗೆ ಬರಿಯ ಕುತೂಹಲದ್ದಲ್ಲ. ನಾನಿರುವುದು ಸಕಲೇಶಪುರದಾಚೆಯ ದೋಣಿಗಲ್ಲಿನಲ್ಲಿ. ಒಂದು ಕಡೆ ಮಂಗಳೂರಿಗೆ ಇಳಿಯುವ ಹೆದ್ದಾರಿ, ಇನ್ನೊಂದು ಕಡೆ ರೈಲುದಾರಿ, ನಡುವೆ ಕಾಫಿತೋಟಗಳು. ತೋಟದೊಳಗೆ ಯಾವ ಹೊತ್ತಿಗೆ ಬೇಕಾದರೂ ಕಾಣಿಸಿಕೊಳ್ಳುವ ಕಾಡಾನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಕಾಳಿಯ ಕಾಲದ ಬೇಟೆಗೆ ಇಲ್ಲಿ ಎಡೆಯಿಲ್ಲ. ಧೈರ್ಯವೇ ಕೆಲವೊಮ್ಮೆ ಕೇಡಾಗುತ್ತದೆ. ಆನೆಯನ್ನು ಬೊಗಳಿ ಕೆಣಕಿದ ನಾಯಿ, ಆನೆ ಅಟ್ಟಿಕೊಂಡು ಬಂದಾಗ ಓಡಿಬರುವುದು ಒಡೆಯನ ಕಾಲಬುಡಕ್ಕೇ ತಾನೆ? ಕರೆದೊಡನೆ ಹಿಂದಿರುಗುವ ನಾಯಿ ಇಲ್ಲಿ ತನ್ನ ಪ್ರಾಣವನ್ನೂ ನಮ್ಮ ಪ್ರಾಣವನ್ನೂ ಉಳಿಸುತ್ತದೆ.

ಇನ್ನೊಂದು ಕಾರಣವೂ ಉಂಟು. ತೋಟದ ದಾರಿಯಲ್ಲಿ ಬೆಳಿಗ್ಗೆ ಆಳುಗಳು ಬರುತ್ತಾರೆ, ಅವರ ಮಕ್ಕಳು ಶಾಲೆಗೆ ಹೋಗುತ್ತಾರೆ. ಪಟ್ಟಣದಲ್ಲಿ ನೆರೆಮನೆಯವರು ನಾಯಿಯ ಕಾಟದ ಬಗ್ಗೆ ಜಗಳವಾಡಬಲ್ಲರು. ಇಲ್ಲಿ ಕೂಲಿಗೆ ಬಂದವರು ದೂರದಲ್ಲೇ ನಿಂತು, “ನಾಯಿ ಹಿಡ್ಕಳಿ ಗೌಡ್ರೆ” ಎಂದು ಒಮ್ಮೆ ಕೂಗಿಯಾರು. ಅದಕ್ಕಿಂತ ಹೆಚ್ಚಿಗೆ ಹೇಳಲಾರರು. ದೂರು ಹೇಳಲಾರದವರ ಮುಂದೆ ನಾಯಿ ಹೇಗೆ ನಡೆದುಕೊಳ್ಳುತ್ತದೆ ಎಂಬುದೇ ಅದರ ಸಭ್ಯತೆಯ ನಿಜವಾದ ಅಳತೆ ಎಂದು ನನ್ನ ನಂಬಿಕೆ.

ಈ ಅಳತೆಗೆ ಒಂದು ಕ್ರಮವನ್ನು ಕೊಟ್ಟವರು ಅಮೆರಿಕದವರು. ಅಲ್ಲಿನ ಕೆನಲ್ ಕ್ಲಬ್ 1989ರಲ್ಲಿ ‘ಸತ್ಪ್ರಜೆ ನಾಯಿ’ ಎಂದು ಹೇಳಬಹುದಾದ ಹೆಸರಿನಲ್ಲಿ ಒಂದು ಪರೀಕ್ಷೆಯನ್ನು ಆರಂಭಿಸಿತು. ಜಾತಿನಾಯಿಯಾಗಲಿ, ಬೆರಕೆಯಾಗಲಿ, ಯಾವುದಕ್ಕೂ ಪ್ರವೇಶವುಂಟು. ಅದರಲ್ಲಿ ಹತ್ತು ಭಾಗಗಳು. ಅಪರಿಚಿತರು ಬಂದು ಒಡೆಯನನ್ನು ಮಾತನಾಡಿಸಿದಾಗ ಶಾಂತವಾಗಿರುವುದು, ಮೈದಡವಿಸಿಕೊಳ್ಳುವುದು, ಕಿವಿ, ಕಾಲುಗಳನ್ನು ಮುಟ್ಟಗೊಡುವುದು, ಹಗ್ಗವನ್ನು ಜಗ್ಗದೆ ನಡೆಯುವುದು, ಜನರ ನಡುವೆ ಸಾಗುವುದು, ಕೂರು, ಮಲಗು, ಇರು ಎಂದರೆ ಹಾಗೆ ಮಾಡುವುದು, ಕರೆದರೆ ಬರುವುದು, ಬೇರೆ ನಾಯಿಯನ್ನು ಕಂಡು ರೇಗದಿರುವುದು, ತಟ್ಟನೆ ಸದ್ದಾದಾಗ ಕಂಗೆಡದಿರುವುದು, ಕೊನೆಗೆ, ಒಡೆಯ ಕಣ್ಮರೆಯಾಗಿ ಬೇರೊಬ್ಬರ ಕೈಯಲ್ಲಿ ಮೂರು ನಿಮಿಷ ನೆಮ್ಮದಿಯಿಂದ ಇರುವುದು. ಪರೀಕ್ಷೆಯ ವೇಳೆ ನಾಯಿಯನ್ನು ಮಾತಿನಿಂದ ಹುರಿದುಂಬಿಸಬಹುದು, ತಿಂಡಿ ಕೊಡುವಂತಿಲ್ಲ. ಗುರುಗುಟ್ಟಿದರೆ, ಕಚ್ಚಹೋದರೆ, ಅಲ್ಲಿಗೆ ಪರೀಕ್ಷೆ ಮುಗಿಯಿತು.

ದೋಣಿಗಲ್ಲಿನಲ್ಲಿ ಇಂಥ ಪರೀಕ್ಷಕರಿಲ್ಲ. ನನ್ನ ಚಿಗರಿಗಾಗಿ ಈ ಹತ್ತನ್ನೂ ಮನೆಯ ಮಟ್ಟಿಗೆ ಹೊಂದಿಸಿಕೊಂಡೆ. ಚಿಗರಿ ಎರಡು ವರ್ಷದ ಹೆಣ್ಣುನಾಯಿ, ಮುಧೋಳದ ತಳಿ. ಬಾಗಲಕೋಟೆ ಜಿಲ್ಲೆಯ ಮುಧೋಳದ ಘೋರ್ಪಡೆ ಅರಸರು ಪೋಷಿಸಿದ ಈ ತಳಿಯ ಸಂಶೋಧನೆಗೆ ತಿಮ್ಮಾಪುರದಲ್ಲಿ ಒಂದು ಕೇಂದ್ರವೇ ಇದೆ. 2005ರಲ್ಲಿ ಇದರ ಚಿತ್ರ ಅಂಚೆಚೀಟಿಯ ಮೇಲೂ ಬಂದಿತು. ಮೂಸಿ ಹುಡುಕುವುದಕ್ಕಿಂತ ಕಣ್ಣಿನಿಂದ ಕಂಡು ಅಟ್ಟುವುದು ಇದರ ಹುಟ್ಟುಗುಣ. ತೆಳುವಾದ ಮೈ, ಗಾಳಿಯಂಥ ಓಟ, ಅಪರಿಚಿತರ ಕೈಸೋಕಿದರೆ ಮುದುಡುವ ಸಂಕೋಚ. ಗದರಿಸಿ ಕಲಿಸಹೊರಟರೆ ಇಂಥ ನಾಯಿ ಕಲಿಯುವುದು ಒಂದನ್ನೇ: ಒಡೆಯನಿಗೆ ಹೆದರುವುದನ್ನು.

ಮೊದಲ ಪಾಠ ಹುರುಪಿಗೆ ದಾರಿ ಮಾಡಿಕೊಡುವುದು. ಹಗಲೆಲ್ಲ ಸರಪಳಿಯಲ್ಲಿ ಕಟ್ಟಿದ ನಾಯಿಯಿಂದ ಸಭ್ಯತೆಯನ್ನು ನಿರೀಕ್ಷಿಸುವುದು ಅನ್ಯಾಯ. ಬೆಳಿಗ್ಗೆ ಬೇಲಿಯಿರುವ ಕಾಫಿಕಣದಲ್ಲಿ ಅದು ಮನದಣಿಯೆ ಓಡಬೇಕು. ಮಳೆಗಾಲದಲ್ಲಿ ಓಟಕ್ಕೆ ಅವಕಾಶವಿಲ್ಲದಾಗ, ಗೋಣಿಚೀಲಗಳ ಮಡಿಕೆಯಲ್ಲಿ ಒಣಮೀನಿನ ಚೂರುಗಳನ್ನು ಅಡಗಿಸಿಟ್ಟು ಹುಡುಕಹಚ್ಚಿದರೆ, ಮೂಗಿನ ಕೆಲಸದಿಂದಲೇ ಅರ್ಧ ಹುರುಪು ತಣಿಯುತ್ತದೆ.

ಎರಡನೆಯದು ಅಂಜಿಕೆಯನ್ನು ಬಿಡಿಸುವುದು. ಮಳೆಯಲ್ಲಿ ಕಂಬಳಿಕೊಪ್ಪೆಯನ್ನೋ ಪ್ಲಾಸ್ಟಿಕ್ ಕೊಪ್ಪೆಯನ್ನೋ ಹೊದ್ದು ಬರುವ ಆಳುಗಳು ಚಿಗರಿಯ ಕಣ್ಣಿಗೆ ಮನುಷ್ಯರಂತೆಯೇ ಕಾಣುತ್ತಿರಲಿಲ್ಲ. ನಾಯಿಯ ಅಂಜಿಕೆ ಗುರುಗುಟ್ಟುವುದಕ್ಕೆ ಬಹಳ ಮೊದಲೇ ತಿಳಿಯುತ್ತದೆ. ನಿದ್ದೆಯಿಲ್ಲದೆ ಆಕಳಿಸುವುದು, ತುಟಿ ನೆಕ್ಕಿಕೊಳ್ಳುವುದು, ಮುಖ ತಿರುಗಿಸುವುದು, ಬಾಲ ಮುದುರುವುದು, ಇವೆಲ್ಲ ಅದರ ಭಾಷೆ. ಈ ಚಿಹ್ನೆಗಳು ಕಾಣದಷ್ಟು ದೂರದಲ್ಲಿ ನಿಂತು, ಕೊಪ್ಪೆ ಕಂಡೊಡನೆ ಒಂದು ರುಚಿಯಾದ ತುಣುಕು ಕೊಡಬೇಕು. ದಿನದಿನಕ್ಕೂ ಒಂದೆರಡು ಮಾರು ಹತ್ತಿರವಾಗಬೇಕು. ಇದರ ಹಿಂದಿರುವ ತತ್ತ್ವ ರಷ್ಯದ ಪಾವ್ಲೋವನದು. ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಆತ, ಆಹಾರದ ಮುನ್ಸೂಚನೆ ಸಿಕ್ಕರೆ ಸಾಕು, ನಾಯಿಯ ಬಾಯಲ್ಲಿ ನೀರೂರುವುದನ್ನು ತೋರಿಸಿಕೊಟ್ಟ. ಅಂಜಿಸುತ್ತಿದ್ದ ಕೊಪ್ಪೆಯೇ ತಿಂಡಿಯ ಮುನ್ಸೂಚನೆಯಾದರೆ, ಅಂಜಿಕೆ ತಾನಾಗಿ ಕರಗುತ್ತದೆ.

ಹಗ್ಗದ ಪಾಠ ಸರಳ, ಆದರೆ ತಾಳ್ಮೆ ಬೇಡುವಂಥದು. ನಾಯಿ ಜಗ್ಗಿದೊಡನೆ ನಾವು ನಿಲ್ಲಬೇಕು. ಹಗ್ಗ ಸಡಿಲವಾದೊಡನೆ ನಡೆಯಬೇಕು. ಜಗ್ಗಿದರೆ ದಾರಿ ಸಾಗದೆಂಬುದನ್ನು ಅದು ತಾನೇ ಕಂಡುಕೊಳ್ಳುತ್ತದೆ. ಮುಧೋಳದ ನಾಯಿಯ ನೀಳವಾದ ಕುತ್ತಿಗೆಗೆ ಅಗಲವಾದ ಪಟ್ಟಿ ಬೇಕು. ಬಿಗಿಯುವ ಸರಪಳಿ ಎಂದೂ ಸಲ್ಲದು.

ಎಲ್ಲಕ್ಕಿಂತ ಕಠಿಣವಾದದ್ದು ‘ಬಾ’ ಎಂಬ ಒಂದಕ್ಷರದ ಪಾಠ. ಈ ಮಾತನ್ನು ಹಣದಂತೆ ಜೋಪಾನವಾಗಿ ಖರ್ಚು ಮಾಡಬೇಕು. ಕಟ್ಟಿಹಾಕುವುದಕ್ಕೆ, ಸ್ನಾನ ಮಾಡಿಸುವುದಕ್ಕೆ, ಬೈಯುವುದಕ್ಕೆ ‘ಬಾ’ ಎಂದು ಕರೆಯಬಾರದು. ಆಗ ನಾವೇ ನಡೆದುಹೋಗಿ ಹಿಡಿದುಕೊಳ್ಳಬೇಕು. ಮೊದಲು ಮನೆಯೊಳಗೆ, ಆಮೇಲೆ ಕಣದಲ್ಲಿ, ಅನಂತರ ಉದ್ದನೆಯ ಹಗ್ಗ ಕಟ್ಟಿ ತೋಟದಲ್ಲಿ, ಒಂದೇ ಸಲ ಕರೆದು, ಬಂದಾಗಲೆಲ್ಲ ಅತ್ಯುತ್ತಮವಾದ ತಿಂಡಿ ಕೊಡಬೇಕು. ತಡವಾಗಿ ಬಂದರೂ ಸಿಡುಕಬಾರದು; ಸಿಡುಕಿದರೆ ಬಂದದ್ದಕ್ಕೇ ಶಿಕ್ಷೆಯಾಯಿತೆಂದು ಅದು ತಿಳಿಯುತ್ತದೆ. ಇಷ್ಟಾದರೂ ಈ ತಳಿ ಒಮ್ಮೆ ಓಟಕ್ಕೆ ಬಿದ್ದ ಮೇಲೆ ಕರೆ ಅದರ ಕಿವಿಗೆ ಮುಟ್ಟುವುದು ಕಷ್ಟ. ಕಿವಿ ನಿಮಿರಿ, ಮೈ ಬಿಗಿದು, ಕಣ್ಣು ಒಂದೆಡೆ ನೆಟ್ಟ ಆ ಒಂದು ಕ್ಷಣದಲ್ಲಿ ಕರೆಯಬೇಕು. ಹೆದ್ದಾರಿ, ರೈಲುದಾರಿಗಳ ಬಳಿಯಲ್ಲಂತೂ ಎಷ್ಟೇ ಕಲಿತ ನಾಯಿಗೂ ಹಗ್ಗವಿರಲೇಬೇಕು.

ಒಂದು ವರ್ಷದ ಅಭ್ಯಾಸದಲ್ಲಿ ಚಿಗರಿ ಒಂಬತ್ತು ಭಾಗಗಳಲ್ಲಿ ತೇರ್ಗಡೆಯಾಗಿದ್ದಾಳೆ. ನಾನು ಕಣ್ಮರೆಯಾದರೆ ಮೂರನೆಯ ನಿಮಿಷಕ್ಕೆ ಸಣ್ಣಗೆ ಕುಂಯ್‌ಗುಡುವುದು ಇನ್ನೂ ಬಿಟ್ಟಿಲ್ಲ. ಅದಕ್ಕೆ ಅವಸರವಿಲ್ಲ. ಶಾಲೆಯ ಮಕ್ಕಳು ಈಗ ದಾರಿಬಿಟ್ಟು ಕಾಫಿಗಿಡಗಳ ನಡುವೆ ನುಸುಳದೆ ದಾರಿಯಲ್ಲೇ ನಡೆದುಹೋಗುತ್ತಾರೆ. ಯಾವ ಪ್ರಮಾಣಪತ್ರವೂ ನನಗೆ ಇದಕ್ಕಿಂತ ದೊಡ್ಡದಲ್ಲ.

ಆ ಅಮೆರಿಕದ ಪರೀಕ್ಷೆಯ ಒಂದು ನಿಯಮವನ್ನು ಹೇಳಿ ಮುಗಿಸುತ್ತೇನೆ. ನಾಯಿ ಪರೀಕ್ಷೆಗೆ ನಿಲ್ಲುವ ಮುನ್ನ ಅದರ ಒಡೆಯ ಒಂದು ಪ್ರತಿಜ್ಞೆಗೆ ಸಹಿ ಹಾಕಬೇಕು: ನಾಯಿಯ ಆರೋಗ್ಯ, ಸುರಕ್ಷೆ, ವ್ಯಾಯಾಮಗಳನ್ನು ನೋಡಿಕೊಳ್ಳುವೆನು, ಅದರಿಂದ ಇತರರಿಗೆ ತೊಂದರೆಯಾಗಗೊಡೆನು ಎಂದು. ನಮ್ಮಲ್ಲಿ ಅದಕ್ಕೆ ವರ್ಷವರ್ಷವೂ ರೇಬೀಸ್ ಲಸಿಕೆ ಹಾಕಿಸುವೆನೆಂಬ ಮಾತನ್ನೂ ಸೇರಿಸಿಕೊಳ್ಳಬೇಕು. ನಾಯಿಯ ಸರದಿ ಬರುವುದು ಆಮೇಲೆ.