ಹೊಕ್ಕುಳ ಕೆಳಗೊಂದು ಪುಟ್ಟ ಬಾಗಿಲು

ಚಾಮರಾಜಪೇಟೆಯಿಂದ ಕೋಟೆಯ ಕಡೆಗೆ ನಡೆದುಬರುವವರಿಗೆ, 1900ರಲ್ಲಿ ಲಾರ್ಡ್ ಕರ್ಜನ್ ಉದ್ಘಾಟಿಸಿದ ವಿಕ್ಟೋರಿಯಾ ಆಸ್ಪತ್ರೆಯ ಹಳೆಯ ಕಟ್ಟಡ ಚಿರಪರಿಚಿತವೇ ಸರಿ. ಅದೇ ಆವರಣದಲ್ಲಿ ಮೂತ್ರಪಿಂಡದ ರೋಗಗಳಿಗೆಂದೇ ಸರ್ಕಾರದ ನೆಫ್ರೋ-ಯೂರಾಲಜಿ ಸಂಸ್ಥೆ ಇರುವುದನ್ನು ಮಾತ್ರ, ಮನೆಗೆ ಆ ಕಷ್ಟ ಬರುವ ತನಕ, ನಾವು ಅಷ್ಟಾಗಿ ಗಮನಿಸುವುದಿಲ್ಲ. ಮೂತ್ರಪಿಂಡಗಳು ಸೋತವೆಂದರೆ ಕಣ್ಣೆದುರು ಬರುವುದು, ವಾರಕ್ಕೆ ಎರಡು ಮೂರು ಬಾರಿ, ನಾಲ್ಕು ನಾಲ್ಕು ಗಂಟೆ, ಯಂತ್ರದ ಪಕ್ಕದಲ್ಲಿ ಮಲಗುವ ಚಿತ್ರ. ಮನೆಯಲ್ಲಿಯೇ ನಡೆಸಬಹುದಾದ ಇನ್ನೊಂದು ಕ್ರಮವೂ ಉಂಟು.

ಕರುಳುಗಳನ್ನು ಹೊದಿಸಿರುವ ಉದರದ ಒಳಪೊರೆಯು ಪ್ರಕೃತಿಯೇ ಕೊಟ್ಟ ಜರಡಿ. ಸಕ್ಕರೆ, ಲವಣಗಳು ಬೆರೆತ ಸುಮಾರು 2 ಲೀಟರ್ ದ್ರಾವಣವನ್ನು ಹೊಟ್ಟೆಯೊಳಗೆ ಬಿಟ್ಟು ಕೆಲವು ಗಂಟೆ ಇರಿಸಿದರೆ, ರಕ್ತದ ಕಲ್ಮಷವೂ ಹೆಚ್ಚಿನ ನೀರೂ ಪೊರೆಯನ್ನು ದಾಟಿ ಅದರಲ್ಲಿ ಸೇರುತ್ತವೆ. ಅದನ್ನು ಹೊರಕ್ಕೆ ಹರಿಸಿ ಹೊಸದನ್ನು ತುಂಬುವುದು, ದಿನಕ್ಕೆ ಮೂರು ನಾಲ್ಕು ಬಾರಿ. ಇದೇ ಪೆರಿಟೋನಿಯಲ್ ಡಯಾಲಿಸಿಸ್.

ಇದಕ್ಕೆಲ್ಲ ಆಧಾರ ಒಂದು ಮೆತ್ತನೆಯ ಸಿಲಿಕೋನ್ ಕೊಳವೆ. 1968ರಲ್ಲಿ ಅಮೆರಿಕದ ಹೆನ್ರಿ ಟೆಂಕಾಫ್ ಮತ್ತು ಹೆರಾಲ್ಡ್ ಷೆಕ್ಟರ್ ಇದರ ವಿವರವನ್ನು ಪ್ರಕಟಿಸಿದರು. ಕೊಳವೆಗೆ ಎರಡು ಬಟ್ಟೆಯ ಪಟ್ಟಿಗಳನ್ನು ಸುತ್ತಿದ್ದುದೇ ಅವರ ಜಾಣ್ಮೆ. ದೇಹದ ಮಾಂಸವು ಆ ನೂಲಿನೊಳಕ್ಕೆ ಬೆಳೆದು ಕೊಳವೆಯನ್ನು ಬಿಗಿಹಿಡಿಯುತ್ತದೆ, ಸೋಂಕಿನ ದಾರಿಗೂ ಅಡ್ಡ ನಿಲ್ಲುತ್ತದೆ.

ಕೊಳವೆಯನ್ನು ಇಡುವುದು ಬಹುಕಾಲ ಶಸ್ತ್ರವೈದ್ಯರ ಕೆಲಸವೆನಿಸಿತ್ತು. ಅವರ ಮೇಜಿನ ಮೇಲೆ ಇದು ಸಣ್ಣ ಕೆಲಸ. ದೊಡ್ಡ ಶಸ್ತ್ರಚಿಕಿತ್ಸೆಗಳ ಹಿಂದೆ ಸರದಿ ಕಾಯಬೇಕಾದೀತು. ಕಾಯುವಷ್ಟರಲ್ಲಿ ರಕ್ತದಲ್ಲಿ ವಿಷವೇರಿ, ಮನೆಯ ಚಿಕಿತ್ಸೆಯನ್ನು ಬಯಸಿದವರೂ ಅವಸರದಲ್ಲಿ ಯಂತ್ರದ ಪಾಲಾಗಬಹುದು. ಆದುದರಿಂದಲೇ ಮೂತ್ರಪಿಂಡ ತಜ್ಞರಲ್ಲಿ ಹಲವರು ಈ ವಿದ್ಯೆಯನ್ನು ತಾವೇ ಕೈವಶ ಮಾಡಿಕೊಂಡಿರುವುದು.

ರೋಗಿಗೆ ಮೊದಲೇ ಮಲಶೋಧನೆ ಮಾಡಿಸಿ, ಮೂತ್ರಕೋಶವನ್ನು ಬರಿದುಮಾಡಿಸುತ್ತಾರೆ. ಕರುಳಿಗೋ ಮೂತ್ರಕೋಶಕ್ಕೋ ಸೂಜಿ ತಗಲೀತೆಂಬ ಎಚ್ಚರಿಕೆ. ಹೊಕ್ಕುಳ ಕೆಳಗಿನ ಆ ಜಾಗಕ್ಕೆ ಮಾತ್ರ ಅರಿವಳಿಕೆ. ರೋಗಿ ಎಚ್ಚರವಾಗಿಯೇ ಇರುತ್ತಾನೆ. ಸೂಜಿಯ ಮೂಲಕ ತೆಳುವಾದ ತಂತಿಯೊಂದು ಒಳಹೋಗುತ್ತದೆ; ತಂತಿಯ ಜಾಡಿನಲ್ಲಿ ಕೊಳವೆ ಜಾರಿ, ಕಿಬ್ಬೊಟ್ಟೆಯ ತಳದಲ್ಲಿ ತುದಿಯೂರುತ್ತದೆ. ಹೊರತುದಿಯನ್ನು ಚರ್ಮದಡಿಯ ಸುರಂಗದಲ್ಲಿ ಸಾಗಿಸಿ, ಪಕ್ಕದಲ್ಲಿ ಹೊರತರುತ್ತಾರೆ. ಹಿಂದೆ ದೊಡ್ಡ ಶಸ್ತ್ರಚಿಕಿತ್ಸೆಯಾಗಿ ಕರುಳು ಅಂಟಿಕೊಂಡಿರುವ ಸಂಶಯವಿದ್ದವರಿಗೆ, ಹರ್ನಿಯಾ ಇದ್ದವರಿಗೆ ಶಸ್ತ್ರವೈದ್ಯರೇ ಬೇಕು. ಅಲ್ಲಿ ಹಟ ಸಲ್ಲದು.

ಸಾಧಾರಣವಾಗಿ ಎರಡು ವಾರ ಗಾಯ ಮಾಯಲು ಬಿಟ್ಟು, ಬಳಿಕ ಚಿಕಿತ್ಸೆ ಆರಂಭ. ಆಮೇಲಿನ ಭಾರವೆಲ್ಲ ಮನೆಯವರದು. ಬಸವನಗುಡಿ, ಮಲ್ಲೇಶ್ವರಗಳ ನಮ್ಮ ಅಜ್ಜಿಯಂದಿರು ಮಡಿಯಲ್ಲಿ ನೀರು ಹಿಡಿಯುತ್ತಿದ್ದ ನಿಷ್ಠೆಯನ್ನು ನಾವು ನಕ್ಕು ತಳ್ಳಿದ್ದುಂಟು. ಅಂಥದೇ ನಿಷ್ಠೆ ಇಲ್ಲಿ ಬೇಕು: ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿ, ಬಾಯಿಗೆ ಮುಸುಕು ಕಟ್ಟಿ, ಸೋಪಿನಿಂದ ಕೈತೊಳೆದು ಒರೆಸಿಕೊಂಡ ಮೇಲೆಯೇ ಕೊಳವೆಯನ್ನು ಮುಟ್ಟುವುದು. ಹೊರಬಂದ ನೀರು ತಿಳಿಯಾಗಿರದೆ ಅಕ್ಕಿ ತೊಳೆದ ನೀರಿನಂತೆ ಮಬ್ಬಾಗಿದ್ದರೆ ಸೋಂಕು ಹೊಕ್ಕಿರಬಹುದು; ಮರುದಿನಕ್ಕೆ ಕಾಯದೆ, ಆ ಚೀಲವನ್ನು ಹಿಡಿದುಕೊಂಡೇ ವೈದ್ಯರಲ್ಲಿಗೆ ಹೊರಡಬೇಕು.