ಮಳೆಯ ನಾಡಿನಲ್ಲಿ ಮನೆಯ ಅಲಂಕಾರ

ಮನೆಯನ್ನು ಅಂದವಾಗಿರಿಸಿಕೊಳ್ಳುವ ವಿಷಯದಲ್ಲಿ ಬಯಲುಸೀಮೆಯವರಿಗೆ ಹೇಳುವ ಮಾತು ಒಂದು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಗೃಹಿಣಿಯರಿಗೆ ಹೇಳತಕ್ಕ ಮಾತು ಇನ್ನೊಂದು. ಇಲ್ಲಿ ಅಲಂಕಾರದ ಸಾಮಾನಿಗೆ ಮೊದಲನೆಯ ಪರೀಕ್ಷಕನು ಮಳೆರಾಯನು. ಶೃಂಗೇರಿಯ ಸುತ್ತಿನಲ್ಲಿ ವರುಷಕ್ಕೆ 3000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವುದು. ನರಸಿಂಹರಾಜಪುರದ ಕಡೆ ಅದಕ್ಕಿಂತ ಎಷ್ಟೋ ಕಡಮೆಯಾದರೂ ಆಷಾಢ ಶ್ರಾವಣಗಳ ತೇವವು ಅಲ್ಲಿಯ ಗೋಡೆಗಳನ್ನೂ ಬಿಟ್ಟುದಿಲ್ಲ. ಪೇಟೆಯಿಂದ ತಂದ ಕಾಗದದ ಹೂವು, ಮಕಮಲ್ಲಿನ ಹೊದಿಕೆ, ರಟ್ಟಿನ ಬೆನ್ನಿನ ಪಟ, ಇವು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬೂಷ್ಟು ಹಿಡಿದು ಅಟ್ಟ ಸೇರುವುದನ್ನು ಯಾವ ಮನೆಯಲ್ಲಿ ಕಾಣೆವು? ಆದುದರಿಂದ ನಮ್ಮ ಸೀಮೆಗೆ ಒಪ್ಪುವ ಅಲಂಕಾರವು ಎರಡೇ ಬಗೆಯದು. ತೇವವನ್ನು ತಾಳಿಕೊಳ್ಳುವಂಥದು ಒಂದು; ತಾಳದಿದ್ದರೂ ಹೆಚ್ಚಿನ ಖರ್ಚಿಲ್ಲದೆ ವರುಷವರುಷವೂ ಹೊಸದಾಗಿ ಮಾಡಿಕೊಳ್ಳಬಹುದಾದುದು ಇನ್ನೊಂದು. ನಮ್ಮ ಅಜ್ಜಿಯರು ಇವೆರಡನ್ನೂ ಅರಿತಿದ್ದರು.

ಖರ್ಚಿನ ಮಾತನ್ನು ನಾವು ಬರಿಯ ಮಿತವ್ಯಯದ ಉಪದೇಶಕ್ಕಾಗಿ ಎತ್ತಿದ್ದಲ್ಲ. ಈ ಮೂರು ತಾಲ್ಲೂಕುಗಳ ಅಡಕೆ ತೋಟಗಳನ್ನು ಹಳದಿ ಎಲೆ ರೋಗವು ಹಲವು ದಶಕಗಳಿಂದ ತಿನ್ನುತ್ತಿದೆ. ಈಚಿನ ವರುಷಗಳಲ್ಲಿ ಎಲೆಚುಕ್ಕೆ ರೋಗವೂ ಅದರ ಜೊತೆಗೂಡಿದೆ. ತೋಟ ಸೊರಗಿದ ಮನೆಯಲ್ಲಿ ಮೊದಲು ನಿಲ್ಲುವುದು ಸುಣ್ಣಬಣ್ಣ. ಆದರೆ ಮಗಳ ಮದುವೆ ನಿಲ್ಲದು, ದೀಪಾವಳಿ ನಿಲ್ಲದು, ಕ್ರಿಸ್ಮಸ್ಸೂ ನಿಲ್ಲದು. ಬರುವ ನೆಂಟರ ಮುಂದೆ ಮನೆ ಬೋಳಾಗಿ ಕಾಣಬಾರದೆಂಬ ತಾಯಂದಿರ ಸಂಕಟವು ನಮ್ಮ ವಾಚಕರಲ್ಲಿ ಅನೇಕರಿಗೆ ತಿಳಿದದ್ದೇ ಸರಿ. ಅಂಥ ತಾಯಂದಿರಿಗಾಗಿಯೂ, ಓದು ಮುಗಿಸಿ ದೂರದ ಊರುಗಳಲ್ಲಿ ಸಂಸಾರ ಹೂಡಿರುವ ಸೋದರಿಯರಿಗಾಗಿಯೂ ಹಿತ್ತಿಲಲ್ಲೇ ದೊರೆಯುವ ಕೆಲವು ಸಾಮಾನುಗಳ ಗುಣವನ್ನೂ ಅವುಗಳಿಂದ ಕೆಲಸ ತೆಗೆಯುವ ಕ್ರಮವನ್ನೂ ಇಲ್ಲಿ ವಿವರಿಸುವೆವು.

ಮೊದಲು ಹೇಳತಕ್ಕದ್ದು ಅಡಕೆಯ ಹಾಳೆ. ಮರವೊಂದು ವರುಷಕ್ಕೆ 5-6 ಹಾಳೆಗಳನ್ನು ತಾನಾಗಿಯೇ ಉದುರಿಸುವುದು. ಹಿಂದೆ ಅದರಿಂದ ಟೊಪ್ಪಿಯಾಗುತ್ತಿತ್ತು, ಬೀಸಣಿಗೆಯಾಗುತ್ತಿತ್ತು, ನೀರು ಮೊಗೆಯುವ ದೊನ್ನೆಯಾಗುತ್ತಿತ್ತು. ಈಗ ತಟ್ಟೆ ಒತ್ತುವ ಕಾರ್ಖಾನೆಗಳು ಹಾಳೆಯನ್ನು ಕೊಳ್ಳುತ್ತಿರುವುದರಿಂದ ಅದಕ್ಕೂ ಒಂದು ಬೆಲೆ ಬಂದಿದೆ. ಈ ತಟ್ಟೆಗಳಿಂದ ಅಡಕೆಯ ಸತ್ತ್ವವು ಆಹಾರಕ್ಕೆ ಇಳಿಯಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಇಲಾಖೆಯು 2025ರಲ್ಲಿ ಆಕ್ಷೇಪವೆತ್ತಿತಷ್ಟೆ. ಗೋಡೆಗೆ ತೂಗುಹಾಕುವ ಹಾಳೆಗೆ ಆ ಚರ್ಚೆಯ ಸೋಂಕಿಲ್ಲ.

ಸುಗ್ಗಿ ಕಳೆದು ಮೊದಲ ಮಳೆ ಬೀಳುವತನಕ ದೊರೆಯುವ ಹಾಳೆಯೇ ಉತ್ತಮವಾದುದು. ಮಳೆಯಲ್ಲಿ ನೆನೆದು ಕಪ್ಪು ಕಲೆ ಕಟ್ಟಿದುದನ್ನು ಎಷ್ಟು ತಿಕ್ಕಿದರೂ ಆ ಕಲೆ ಹೋಗದು. ರೋಗ ತಗಲಿದ ಮರದ ಹಾಳೆ ಕಿರಿದಾಗಿಯೂ ಸೊರಗಿಯೂ ಇರುವುದರಿಂದ ಗಟ್ಟಿ ಮರದ್ದನ್ನೇ ಆಯತಕ್ಕದ್ದು. ಬಿದ್ದ ಒಂದೆರಡು ದಿನದೊಳಗೆ ಎತ್ತಿತಂದು ಬಿಸಿಲಲ್ಲಿ ಒಣಗಿಸಿಟ್ಟರೆ ಬೇಕಾದಾಗ ಬಳಸಬಹುದು. ಕೆಲಸಕ್ಕೆ ಕೂಡುವ ದಿನ ತೆಂಗಿನ ನಾರಿನಿಂದ ಎರಡು ಪಕ್ಕವನ್ನೂ ತಿಕ್ಕಿ ತೊಳೆದು, ಕಾಲು ಗಂಟೆ ನೀರಿನಲ್ಲಿ ಮುಳುಗಿಸಿಡಬೇಕು. ಆಗ ಅದು ತೊಗಲಿನಂತೆ ಬಾಗುವುದು. ಹೂಕುಂಡದ ಹೊದಿಕೆ ಬೇಕಾದರೆ ಅಷ್ಟೇ ಗಾತ್ರದ ತಂಬಿಗೆಗೆ ಸುತ್ತಿ ಹಗ್ಗ ಬಿಗಿಯಿರಿ. ಗೋಡೆಯ ಫಲಕ ಬೇಕಾದರೆ ಎರಡು ಮಣೆಗಳ ನಡುವೆ ಹರಡಿ ಮೇಲೆ ರುಬ್ಬುವ ಗುಂಡನ್ನು ಹೇರಿರಿ. ಎರಡು ದಿನ ನೆರಳಲ್ಲಿ ಒಣಗಿದ ಮೇಲೆ ಕೊಟ್ಟ ಆಕಾರವನ್ನು ಅದು ಬಿಡದು. ಬಿಸಿಲಿಗಿಟ್ಟರೆ ಮಾತ್ರ ಅಂಚು ಸುರುಳಿಕೊಳ್ಳುವುದು. ಆತುರದವರು ಇಲ್ಲಿಯೇ ಕೆಡುವರು. ಅಂಚಿಗೆ ದಬ್ಬಣದಿಂದ ಸಮದೂರದಲ್ಲಿ ತೂತು ಕೊರೆದು, ಬಣ್ಣದ ನೂಲಿನಿಂದ ಕಂಬಳಿಯ ಅಂಚಿಗೆ ಹಾಕುವ ಹೊಲಿಗೆಯನ್ನೇ ಹಾಕಿದರೆ ಸೀಳು ಬರುವುದಿಲ್ಲ, ನೋಟವೂ ಹೆಚ್ಚುವುದು. ನೂಲಿನ ಹೊರತು ಇದಕ್ಕೆ ಬೇರೆ ಖರ್ಚೇ ಇಲ್ಲ.

ಈ ಫಲಕದ ಮೇಲೆ ಏನು ಬರೆಯುವುದು? ಇಲ್ಲಿ ಶೇಡಿ ಕೆಮ್ಮಣ್ಣುಗಳ ಮಾತು ಬರುವುದು. ಮಳೆಗಾಲ ಮುಗಿದು ದೀಪಾವಳಿ ಸಮೀಪಿಸಿದಂತೆ ಮಲೆನಾಡಿನ ಮನೆಗಳಲ್ಲಿ ಗೋಡೆಯ ಕೆಳಭಾಗಕ್ಕೂ ಜಗಲಿಯ ಅಂಚಿಗೂ ಕೆಮ್ಮಣ್ಣು ಬಳಿದು, ಅದರ ಮೇಲೆ ಶೇಡಿಯೆಂಬ ಬಿಳಿಯ ಮಣ್ಣಿನಿಂದ ಎಳೆಗಳನ್ನೆಳೆಯುವ ಪದ್ಧತಿಯುಂಟು. ಸಾಗರ ಸೊರಬಗಳ ಕಡೆಯ ದೀವರ ಹೆಂಗಸರ ಹಸೆ ಚಿತ್ತಾರವಂತೂ ಈಗ ನಾಡಿನ ಹೊರಗೂ ಹೆಸರಾಗಿದೆ. ಅವರ ಬಣ್ಣಗಳಲ್ಲಿ ಕೊಂಡುತಂದದ್ದು ಯಾವುದೂ ಇಲ್ಲ. ಕೆಂಪು ಕೆಮ್ಮಣ್ಣಿನದು, ಬಿಳುಪು ನೆನೆಸಿ ಅರೆದ ಅಕ್ಕಿಯದು, ಕಪ್ಪು ಹುರಿದು ಕರಿಮಾಡಿದ ಅಕ್ಕಿಯದು, ಹಳದಿ ಗುರಿಗೆಯ ಕಾಯಿಯದು. ಕುಂಚವೂ ಪುಂಡಿಯ ನಾರಿನದೇ. ಆಶ್ವೀಜ ಮಾಸದ ಭೂಮಿ ಹುಣ್ಣಿಮೆಯಂದು ಗದ್ದೆಗೆ ಎಡೆ ಒಯ್ಯುವ ಬಿದಿರಿನ ಬುಟ್ಟಿಯನ್ನು ಕೂಡ ಅವರು ಹೀಗೆ ಕೆಮ್ಮಣ್ಣು ಬಳಿದು ಚಿತ್ರಿಸುವರು. ಆ ಬುಟ್ಟಿಗಿಂತ ಸೊಗಸಾದ ವಸ್ತು ಪೇಟೆಯ ಯಾವ ಅಂಗಡಿಯಲ್ಲಿದೆಯೋ ನಾವರಿಯೆವು.

ನಮ್ಮ ಕಡೆ ಹೊಸ ಮನೆಗಳ ಸಿಮೆಂಟು ಗೋಡೆಗೆ ಎಣ್ಣೆಬಣ್ಣ ಬಳಿದ ಮೇಲೆ ಶೇಡಿಯು ಅದರ ಮೇಲೆ ನಿಲ್ಲದು; ಒಣಗಿದೊಡನೆ ಹಕ್ಕಳೆಯಾಗಿ ಉದುರುವುದು. ಮಣ್ಣಿನ ಗೋಡೆಯೂ ಸುಣ್ಣದ ಗೋಡೆಯೂ ನೀರನ್ನು ಹೀರಿಕೊಂಡು ಬಣ್ಣವನ್ನು ಒಳಕ್ಕೆಳೆದುಕೊಳ್ಳುತ್ತವೆ; ಎಣ್ಣೆಬಣ್ಣಕ್ಕೆ ಆ ಗುಣವಿಲ್ಲ. ಆದಕಾರಣ ಗೋಡೆಯ ಬದಲು ಹಾಳೆಯ ಫಲಕದ ಮೇಲೋ, ಒರಟು ಹತ್ತಿಯ ಬಟ್ಟೆ ಬಿಗಿದ ಹಲಗೆಯ ಮೇಲೋ ಬರೆದು ತೂಗುಹಾಕುವುದೇ ಲೇಸು. ಬೆಂಗಳೂರಿನ ಬಾಡಿಗೆಯ ಮನೆಯಲ್ಲಿರುವ ಸೋದರಿಯರಿಗೂ ಇದೇ ಅನುಕೂಲ. ಕೆಮ್ಮಣ್ಣನ್ನು ನೀರಿನಲ್ಲಿ ಕದಡಿ ಕ್ಷಣಕಾಲ ಬಿಟ್ಟರೆ ಮರಳು ತಳಕ್ಕಿಳಿಯುವುದು. ಮೇಲಣ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ ರಾತ್ರಿಯೆಲ್ಲ ಇಟ್ಟರೆ ಬೆಣ್ಣೆಯಂಥ ನುಣುಪಾದ ಮಣ್ಣು ಉಳಿಯುವುದು. ಶೇಡಿಗೂ ಇದೇ ಕ್ರಮ. ಬಣ್ಣ ಅಂಟಲೆಂದು ಅದಕ್ಕೆ ಗಂಜಿ ಬೆರಸುವ ವಾಡಿಕೆಯುಂಟಾದರೂ ನಾವು ಅದನ್ನು ಒಪ್ಪೆವು. ಗಂಜಿಯಿಂದ ಬಣ್ಣವೂ ಹಿಡಿಯುವುದು, ಬರುವ ಮಳೆಗಾಲದಲ್ಲಿ ಬೂಷ್ಟೂ ಹಿಡಿಯುವುದು. ವರುಷಕ್ಕೊಮ್ಮೆ ಅಳಿಸಿ ಬರೆಯುವ ಗೋಡೆಗೆ ಅಕ್ಕಿ ನಡೆದೀತು. ಉಳಿಸಿಕೊಳ್ಳಬೇಕಾದ ಫಲಕಕ್ಕೆ ಶೇಡಿಯನ್ನೇ ಬಳಸಿ, ಮರದ ಗೋಂದನ್ನು ನೀರಿನಲ್ಲಿ ಕರಗಿಸಿ ಬೆರಸುವುದೇ ಮೇಲು.

ಅಡಕೆ ಬೇಯಿಸುವ ಮನೆಗಳಲ್ಲಿ ಇನ್ನೊಂದು ಬಣ್ಣ ಹಂಡೆಯ ತಳದಲ್ಲೇ ಉಂಟು. ಅದು ಚೊಗರು. ಸಾಗರದ ಸಮೀಪದ ಹೆಗ್ಗೋಡಿನಲ್ಲಿ ಚರಕ ಎಂಬ ಮಹಿಳೆಯರ ಸಹಕಾರ ಸಂಘವು ಈ ಚೊಗರಿನಿಂದಲೇ ಕೈಮಗ್ಗದ ಬಟ್ಟೆಗೆ ಬಣ್ಣ ಕಟ್ಟಿ ಹೆಸರು ಪಡೆದಿದೆ. ಹಳೆಯ ಬಿಳಿ ಪಂಚೆಯನ್ನು ಗಂಜಿ ಹೋಗುವಂತೆ ಒಗೆದು, ಚೊಗರಿನಲ್ಲಿ ಒಂದು ಗಂಟೆ ಕುದಿಸಿ, ಹಿಂಡಿ, ಪಟಿಕ ಕರಗಿಸಿದ ನೀರಿನಲ್ಲಿ ಅದ್ದಿದರೆ ಕಂದುಗೆಂಪು ನಿಲ್ಲುವುದು. ಚೊಗರಿನ ಒಗರು ನೂಲಿಗೆ ಹತ್ತುವುದು, ಪಟಿಕವು ಆ ಒಗರನ್ನು ಬಿಗಿಹಿಡಿಯುವುದು; ಇಷ್ಟೇ ಅದರ ಗುಟ್ಟು. ತುಕ್ಕು ಹಿಡಿದ ಮೊಳೆಗಳನ್ನು ಹುಳಿನೀರಿನಲ್ಲಿ ವಾರವಿಟ್ಟು ಆ ನೀರಿನಲ್ಲಿ ಬಟ್ಟೆಯ ಅಂಚನ್ನಷ್ಟೇ ಅದ್ದಿದರೆ ಅಂಚು ಕಾಡಿಗೆಯ ಬಣ್ಣಕ್ಕೆ ತಿರುಗುವುದು. ಆದರೆ ಕಬ್ಬಿಣದ ನೀರು ಕಾಲಕ್ರಮದಲ್ಲಿ ನೂಲನ್ನು ಸಡಿಲಿಸುವುದರಿಂದ ಅದನ್ನು ಅಂಚಿಗಿಂತ ಮುಂದಕ್ಕೆ ಹೋಗಗೊಡಬಾರದು. ಕಿಟಕಿಯ ಪರದೆಗೂ ಮೇಜಿನ ಹೊದಿಕೆಗೂ ಈ ಬಟ್ಟೆ ಬಹಳ ಒಪ್ಪುವುದು. ಮಳೆಗಾಲದ ಕಲೆಗಳೂ ಇದರ ಮೇಲೆ ಎದ್ದು ಕಾಣವು!

ಭತ್ತದ ತೆನೆಯ ತೋರಣವನ್ನು ಕುರಿತು ವಿಸ್ತರಿಸಬೇಕಾಗಿಲ್ಲ. ಹೊಸ್ತಿನ ಹಬ್ಬದ ಮನೆಗಳಲ್ಲಿ ತೆನೆ ಕಟ್ಟುವುದನ್ನು ಎಲ್ಲರೂ ಬಲ್ಲರು. ಹಸುರು ಪೂರ್ತಿ ಇಂಗುವ ಮೊದಲೇ ಉದ್ದ ದಂಟಿನೊಡನೆ ಕೊಯ್ದು ನೆರಳಲ್ಲಿ ಒಣಗಿಸಿ ಹೆಣೆದರೆ ಕಾಳು ಉದುರದು. ತೀರ ಹಣ್ಣಾದ ತೆನೆ ಹೆಣೆಯುವಾಗಲೇ ಬರಿದಾಗುವುದು. ಇಲ್ಲಿಯ ತೊಂದರೆ ಬೇರೆ. ಗದ್ದೆಗಳೆಲ್ಲ ಒಂದೊಂದಾಗಿ ತೋಟಗಳಾಗುತ್ತಿರುವಾಗ ತೋರಣಕ್ಕೆ ನಾಲ್ಕು ಹಿಡಿ ತೆನೆಯನ್ನು ನೆರೆಮನೆಯವರಲ್ಲಿ ಕೇಳಿ ತರಬೇಕಾದ ಕಾಲ ಬಂದಿದೆ. ಹೀಗೆ ಕಟ್ಟಿದ ತೋರಣ ಹಿಂದೆ ಒಲೆಯ ಹೊಗೆಯಲ್ಲಿ ವರುಷಗಟ್ಟಲೆ ಬಾಳುತ್ತಿತ್ತು. ಗ್ಯಾಸಿನ ಒಲೆ ಬಂದು ಹೆಂಗಸರ ಕಣ್ಣಿಗೆ ಸುಖವಾಯಿತು; ಆದರೆ ಅಟ್ಟದ ಬುಟ್ಟಿ, ಮೊರ, ತೋರಣಗಳನ್ನು ಕಾಯುತ್ತಿದ್ದ ಹೊಗೆ ಹೋಯಿತು. ಬಚ್ಚಲೊಲೆ ಉಳಿದಿರುವ ಮನೆಯವರು ಇವನ್ನು ಅಲ್ಲಿಯೇ ಮೇಲೆ ತೂಗುಹಾಕುವುದು ಒಳ್ಳೆಯದು.

ಇನ್ನು ಗೂಡುದೀಪ ಮತ್ತು ನಕ್ಷತ್ರ. ದೀಪಾವಳಿಗೆ ಗೂಡುದೀಪ ಕಟ್ಟಬಲ್ಲ ಕೈಗೆ ಕ್ರಿಸ್ಮಸ್ಸಿನ ನಕ್ಷತ್ರ ಕಟ್ಟುವುದು ಕಷ್ಟವಲ್ಲ. ಎರಡಕ್ಕೂ ಬೇಕಾದುದು ಬಿದಿರಿನ ಕಡ್ಡಿ, ನೂಲು, ಬಣ್ಣದ ಕಾಗದ, ಅಂಟು. ನರಸಿಂಹರಾಜಪುರದ ಕಡೆಯ ಬೀದಿಗಳಲ್ಲಿ ಎರಡನ್ನೂ ಕೆಲವೇ ವಾರಗಳ ಅಂತರದಲ್ಲಿ ಕಾಣಬಹುದು. ನಕ್ಷತ್ರಕ್ಕೆ ಒಂದೊಂದು ಮೊಳದ ಸಮನಾದ 10 ಕಡ್ಡಿಗಳನ್ನು ಸೀಳಿಕೊಳ್ಳಿರಿ. 5 ಕಡ್ಡಿಗಳನ್ನು ಒಂದರಮೇಲೊಂದು ಹಾಯಿಸಿ ತುದಿಗಳನ್ನು ಕಟ್ಟಿದರೆ ಐದು ಮೂಲೆಯ ಚಪ್ಪಟೆ ನಕ್ಷತ್ರವಾಗುವುದು. ಅಂಥವೆರಡನ್ನು ಒಂದರ ಮೇಲೊಂದಿಟ್ಟು ಐದು ಮೂಲೆಗಳನ್ನೂ ಜೋಡಿಸಿ ಬಿಗಿಯಿರಿ. ಬಳಿಕ ಒಳಗಡೆ ಕಡ್ಡಿಗಳು ಹಾಯುವ ಐದು ಸಂದುಗಳಲ್ಲಿ ಗೇಣಿನ ಅರ್ಧದಷ್ಟು ಉದ್ದದ ಐದು ತುಂಡುಗಳನ್ನು ನಡುವೆ ನಿಲ್ಲಿಸಿದರೆ ನಕ್ಷತ್ರವು ಹೊಟ್ಟೆ ಉಬ್ಬಿ ನಿಲ್ಲುವುದು. ಹಿಂಬದಿಯ ಒಂದು ಮುಖವನ್ನು ತೆರೆದಿಟ್ಟು ಉಳಿದುದಕ್ಕೆ ಕಾಗದ ಅಂಟಿಸಿರಿ. ಒಳಗೆ ಬಿಸಿಯೇರದ ಸಣ್ಣ ವಿದ್ಯುದ್ದೀಪವನ್ನೇ ಇಡತಕ್ಕದ್ದು. ಎಣ್ಣೆಯ ಹಣತೆ ಬೇಡ.

ಎರಡು ಎಚ್ಚರಿಕೆಗಳನ್ನು ಇಲ್ಲಿ ಹೇಳಲೇಬೇಕು. ಹಸಿ ಬಿದಿರಿನಲ್ಲಿ ಹಿಟ್ಟಿನಂಶ ಹೆಚ್ಚು. ಕೊರೆಯುವ ಹುಳುವಿಗೆ ಅದೇ ಆಹಾರ. ಬಿದಿರನ್ನು ಎರಡು ಮೂರು ವಾರ ಹಳ್ಳದ ನೀರಿನಲ್ಲಿ ಮುಳುಗಿಸಿಟ್ಟು ತೆಗೆದರೆ ಆ ಅಂಶ ತೊಳೆದುಹೋಗಿ ಕಡ್ಡಿ ಬಹುಕಾಲ ಬಾಳುವುದು. ಎರಡನೆಯದು ಅಂಟಿನ ಮಾತು. ಮೈದಾಹಿಟ್ಟಿನ ಅಂಟಿಗೆ ಜಿರಳೆಯೂ ಬೂಷ್ಟೂ ತಪ್ಪದು. ಪುಸ್ತಕಕ್ಕೆ ರಟ್ಟು ಕಟ್ಟುವವರು ಅದಕ್ಕೆ ಚಿಟಿಕೆ ಮೈಲುತುತ್ತ ಬೆರಸುವರು. ಅಡಕೆ ತೋಟದ ಮನೆಯಲ್ಲಿ ಮೈಲುತುತ್ತಕ್ಕೆ ಬರವೇ? ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ 1910ರಲ್ಲಿ ಕೊಳೆರೋಗವನ್ನು ಕುರಿತು ತಮ್ಮ ಶೋಧನೆಯನ್ನು ಪ್ರಕಟಿಸಿ, ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದಂದಿನಿಂದ ಅದು ನಮ್ಮ ಕೊಟ್ಟಿಗೆಯ ಸಾಮಾನಾಗಿದೆ. ಅಡಕೆಯ ಬೂಷ್ಟನ್ನು ತಡೆಯುವ ವಸ್ತುವೇ ಅಂಟಿನ ಬೂಷ್ಟನ್ನೂ ತಡೆಯುವುದು. ಆದರೆ ಅದು ವಿಷ. ಕಬ್ಬಿಣದ ಪಾತ್ರೆಯಲ್ಲಿ ಕಲಸಬಾರದು. ಅಡಿಗೆಯ ಪಾತ್ರೆಯಲ್ಲಂತೂ ಎಂದಿಗೂ ಕೂಡದು. ಮಕ್ಕಳ ಕೈಗೆ ಆ ಅಂಟನ್ನು ಕೊಡದೆ ಹಿರಿಯರೇ ಬಳಿದು, ಕೂಡಲೆ ಕೈ ತೊಳೆದುಕೊಳ್ಳತಕ್ಕದ್ದು.

ಹಳೆಯ ಸೀರೆಗಳ ಉಪಯೋಗವನ್ನೂ ಎರಡು ಮಾತಿನಲ್ಲಿ ಹೇಳುವೆವು. ಎರಡು ಅಂಗುಲದ ಪಟ್ಟಿಗಳಾಗಿ ಹರಿದು, ಮೂರು ಪಟ್ಟಿಗಳನ್ನು ಜಡೆಯಂತೆ ಹೆಣೆದು, ಆ ಜಡೆಯನ್ನು ಚಕ್ಕುಲಿಯಂತೆ ಸುತ್ತಿ ಹೊಲಿದರೆ ಒಳ್ಳೆಯ ಕಾಲೊರಸು. ದಪ್ಪವಾದಷ್ಟೂ ಚೆಂದವೆಂದು ಕೆಲವರು ಭಾವಿಸುವರು. ನಮ್ಮ ಮಳೆಯಲ್ಲಿ ದಪ್ಪನೆಯದು ಒಣಗುವುದೇ ಇಲ್ಲ. ತೆಳ್ಳಗೆ ಎರಡು ಮಾಡಿಕೊಂಡು ದಿನಕ್ಕೊಂದರಂತೆ ಬದಲಿಸುವುದು ಜಾಣತನ.

ಕುವೆಂಪು ಅವರು 1904ರಲ್ಲಿ ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಅವರು ಬೆಳೆದ ಕುಪ್ಪಳಿಯ ಮನೆ ಈಗ ಸಂಗ್ರಹಾಲಯವಾಗಿ ಎಲ್ಲರಿಗೂ ತೆರೆದಿದೆ. ತಾಯಂದಿರು ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗ ಕಂಬದ ಕೆತ್ತನೆಯನ್ನು ಮಾತ್ರ ತೋರಿಸಿ ಹಿಂದಿರುಗದೆ, ಅಡಿಗೆಮನೆಯ ಸಾಮಾನುಗಳ ಬಳಿಯೂ ನಿಲ್ಲಬೇಕೆಂದು ನಮ್ಮ ಅಪೇಕ್ಷೆ. ದಿನದ ಬಳಕೆಯ ವಸ್ತುವೇ ನೋಟಕ್ಕೂ ಸೊಗಸಾಗಿದ್ದ ಮನೆಗಳು ಹೇಗಿದ್ದುವೆಂಬುದು ಅಲ್ಲಿ ತಿಳಿಯುವುದು.

ಕೊನೆಗೆ ಸೀತಾಳೆದಂಡೆಯ ಮಾತೊಂದುಂಟು. ಮಳೆಗಾಲದ ಹೊಸ್ತಿಲಲ್ಲಿ ಜಡೆಯಂತೆ ಇಳಿಬಿದ್ದು ಅರಳುವ ಈ ಕಾಡಿನ ಹೂವನ್ನು ಮರದಿಂದ ಕಿತ್ತು ತಂದು ಜಗಲಿಯಲ್ಲಿ ಕಟ್ಟುವ ಆಸೆ ಅನೇಕರಿಗುಂಟು. ಅದನ್ನು ಕೀಳಬೇಡಿರಿ, ಬೇರು ಹರಿದ ಗಿಡ ಚೇತರಿಸುವುದು ಅಪೂರ್ವ. ಗಾಳಿಮಳೆಗೆ ನಿಮ್ಮ ಹಿತ್ತಿಲಲ್ಲೋ ತೋಟದಲ್ಲೋ ಮುರಿದುಬಿದ್ದ ಕೊಂಬೆಯಲ್ಲಿ ಗಿಡ ಸಿಕ್ಕಿದರೆ ಕೊಂಬೆಯ ತುಂಡಿನೊಡನೆ ತಂದು, ಅಂಗಳದ ಮಾವಿನ ಮರದ ಬೊಡ್ಡೆಗೆ ತೆಂಗಿನ ನಾರಿನಿಂದ ಕಟ್ಟಿರಿ. ಬುಡಕ್ಕೆ ಮಣ್ಣು ಹಾಕಬಾರದು, ಗೊಬ್ಬರವೂ ಬೇಡ. ಹೊಸ ಬೇರು ತೊಗಟೆಯನ್ನು ತಾನಾಗಿ ಹಿಡಿದುಕೊಂಡ ಮೇಲೆ ನಾರನ್ನು ಬಿಚ್ಚಿಬಿಡಬಹುದು.